ಗ್ರಾಮ ಸಭೆಯಲ್ಲಿ ಆಡಿದ ಮಾತು ನಡಾವಳಿ ಪುಸ್ತಕಕ್ಕೆ ಇಳಿಯಬೇಕಾದರೆ

ಮಂಡ್ಯದ ಹಳ್ಳಿಗಳಲ್ಲಿ ಆಗಾಗ ಕೇಳಿಬರುವ ದೂರು ಇದು: ನಾಲೆ ಏರಿ ಮೇಲಿನ ದಾರಿ ಕೇಳಿದವರು ನಾವು, ಮಂಜೂರಾಗಿ ಬಂದದ್ದು ಇನ್ನೇನೋ. ದುಡ್ಡು ಬರುವಾಗಲೇ ಷರತ್ತು ಹೊತ್ತುಕೊಂಡು ಬರುತ್ತದೆ. 15ನೇ ಹಣಕಾಸು ಆಯೋಗದ ಶಿಫಾರಸಿನಂತೆ 2021–26ಕ್ಕೆ ಪಂಚಾಯಿತಿಗಳಿಗೆ ಬಂದ ಅನುದಾನದಲ್ಲಿ ನೂರಕ್ಕೆ 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ಊರಿನ ಇಚ್ಛೆಗೆ ಬಿಟ್ಟದ್ದು 40 ಮಾತ್ರ. 1993ರ ಏಪ್ರಿಲ್ 24ರಂದು ಜಾರಿಗೆ ಬಂದ 73ನೇ ತಿದ್ದುಪಡಿ ಸಂವಿಧಾನದ 11ನೇ ಅನುಸೂಚಿಯಲ್ಲಿ 29 ವಿಷಯಗಳನ್ನು ಪಟ್ಟಿ ಮಾಡಿತು, ನಿಜ. ಆದರೆ ಅವನ್ನು ಪಂಚಾಯಿತಿಗೆ ರಾಜ್ಯ ‘ಕೊಡಬಹುದು’ ಎಂದಿತೇ ಹೊರತು ‘ಕೊಡಲೇಬೇಕು’ ಎನ್ನಲಿಲ್ಲ. ಆ ಒಂದು ಪದ ಬದಲಾಗಬೇಕು ಎನ್ನುವುದು ನಮ್ಮ ಗಟ್ಟಿ ನಿಲುವು. ಅಲ್ಲಿಯತನಕ ನಮ್ಮ ಕೈಯಲ್ಲಿರುವ ಅಸ್ತ್ರ ಊರಿನ ಮತದಾರರೆಲ್ಲ ಕೂಡುವ ಗ್ರಾಮ ಸಭೆ.

1881ರಲ್ಲಿ ಮೈಸೂರಿನಲ್ಲಿ ದಿವಾನ್ ರಂಗಾಚಾರ್ಲು ಶುರು ಮಾಡಿದ ಪ್ರಜಾಪ್ರತಿನಿಧಿ ಸಭೆ ಆಗ ಅಹವಾಲು ಹೇಳಿಕೊಳ್ಳುವ ಜಾಗವಷ್ಟೇ ಆಗಿತ್ತು, ತೀರ್ಮಾನ ಅರಮನೆಯದು. ಗ್ರಾಮ ಸಭೆಯಲ್ಲಿ ತೀರ್ಮಾನ ಮತದಾರರದೇ. ಹಾಗಾಗಿ ಅಲ್ಲಿಗೆ ಮನವಿ ಹಿಡಿದು ಹೋಗಬೇಡಿ, ಬರೆದ ನಿರ್ಣಯ ಹಿಡಿದು ಹೋಗಿ.

ಕೆಲಸ ಶುರುವಾಗುವುದು ವಾರ್ಡ್ ಸಭೆಯಲ್ಲಿ. ಬೇಡಿಕೆ ಅಲ್ಲಿ ದಾಖಲಾಗದಿದ್ದರೆ ಗ್ರಾಮ ಸಭೆಯಲ್ಲಿ ‘ಪಟ್ಟಿ ಆಗಲೇ ಆಗಿಹೋಯ್ತು’ ಎಂಬ ಉತ್ತರ ಬರುತ್ತದೆ. ಗ್ರಾಮ ಸಭೆಗೆ ಹದಿನೈದು ದಿನ ಮುಂಚೆಯೇ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರಿಂದ ಹಿಂದಿನ ಸಭೆಯ ನಡಾವಳಿ, ಈ ವರ್ಷದ ಕ್ರಿಯಾ ಯೋಜನೆ, ಎರಡರ ನಕಲನ್ನೂ ಬರವಣಿಗೆಯಲ್ಲಿ ಕೇಳಿ. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದರೆ ಸಭೆ ಒಪ್ಪದ ಕಾಮಗಾರಿ ಯಾವುದು ನುಸುಳಿದೆ ಎಂದು ಗೊತ್ತಾಗುತ್ತದೆ.

ನಿರ್ಣಯದ ಭಾಷೆಯಲ್ಲೇ ಹೆಚ್ಚು ಜನ ಎಡವುವುದು. ‘ನಮ್ಮ ಬೀದಿಗೆ ಚರಂಡಿ ಮಾಡಿಸಿ’ ಎಂದು ಬರೆಸಿದರೆ ಅದು ಎಲ್ಲಿ ಬೇಕಾದರೂ ಆಗಬಹುದು, ಹಳೇ ಚರಂಡಿಗೇ ಹೊಸ ಬಿಲ್ಲೂ ಆಗಬಹುದು. ಟೇಪು ಹಿಡಿದು ಅಳೆದು ಹೀಗೆ ಬರೆಯಿರಿ: ‘ಮಾರಮ್ಮನ ಗುಡಿ ಮುಂದಿನ ನಲ್ಲಿಯಿಂದ ಶಾಲೆಯ ಗೇಟಿನವರೆಗೆ, ರಸ್ತೆಯ ಎಡಬದಿ, 120 ಮೀಟರ್ ಹೊಸ ಚರಂಡಿ. ಉಪಯೋಗ 34 ಮನೆಗಳಿಗೆ. ನೀರು ಕೊನೆಗೆ ಸೇರುವುದು ಶಾಲೆಯ ಹಿಂದಿನ ಹಳ್ಳಕ್ಕೆ.’ ಕೊನೆಯ ಸಾಲನ್ನು ಬಿಡಲೇಬೇಡಿ. ನೀರು ಹೋಗುವ ಜಾಗ ತೋರಿಸದೆ ಕಟ್ಟಿದ ಚರಂಡಿ ಮೊದಲ ಮಳೆಗೇ ಯಾರದೋ ಹಟ್ಟಿಗೆ ನುಗ್ಗುತ್ತದೆ.

ಸಭೆಯ ದಿನ ಹಾಜರಿಗೆಂದು ಖಾಲಿ ಹಾಳೆ ಮುಂದಿಟ್ಟರೆ ಸಹಿ ಹಾಕಬೇಡಿ. ಆ ಸಹಿಗಳ ಮೇಲೆ ಆಮೇಲೆ ಏನು ಬೇಕಾದರೂ ಬರೆಯಬಹುದು. ಹಾಳೆಯ ತಲೆಯಲ್ಲಿ ‘ಹಾಜರಾತಿ’ ಎಂದೂ ತಾರೀಕನ್ನೂ ಬರೆದ ಮೇಲೆ ಹಾಕಿ. ಮುಗಿಯುವ ಮುಂಚೆ ನಿರ್ಣಯಗಳನ್ನು ಗಟ್ಟಿಯಾಗಿ ಓದಿಸಿ, ಕಡೆಯ ನಿರ್ಣಯದ ಕೆಳಗೆ ಅಡ್ಡಗೆರೆ ಎಳೆಸಿ, ಅಧ್ಯಕ್ಷರ ಸಹಿ ಬಿದ್ದ ಪುಟಗಳ ಫೋಟೊ ಮೊಬೈಲಿನಲ್ಲಿ ತೆಗೆದುಕೊಳ್ಳಿ. ಸಂಘದ ಹೆಣ್ಣುಮಕ್ಕಳು ಒಟ್ಟಾಗಿ ಹೋಗಿ ಮುಂದೆ ಕೂತರೆ ಒಳ್ಳೆಯದು, ನೀರಿನ ಲೆಕ್ಕ ಅವರಿಗಿಂತ ಚೆನ್ನಾಗಿ ಗೊತ್ತಿರುವವರು ಯಾರೂ ಇಲ್ಲ. ಕೋರಂ, ಅಂದರೆ ಸಭೆಗೆ ಬೇಕಾದ ಕನಿಷ್ಠ ಹಾಜರಿ, ಇಲ್ಲದೆ ಸಭೆ ನಡೆಸಿದರೆ ಆಕ್ಷೇಪಣೆಯನ್ನು ಅಲ್ಲೇ ಬರೆದುಕೊಡಿ.

ನಕಲು ಕೊಡದೆ ಸತಾಯಿಸಿದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. ಪೋಸ್ಟಲ್ ಆರ್ಡರ್ ಯಾರ ಹೆಸರಿಗೆ ಎಂದು ಮೊದಲೇ ಕೇಳಿಕೊಳ್ಳಿ, ಹೆಸರು ತಪ್ಪಿದರೆ ಅರ್ಜಿ ವಾಪಸ್ ಬರುತ್ತದೆ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, ಸುಮಾರು 150 ಪದದೊಳಗೆ. ‘ಯಾಕೆ ಮಾಡಲಿಲ್ಲ?’ ಎಂದು ಕೇಳಿದರೆ ‘ಇದು ಮಾಹಿತಿಯಲ್ಲ’ ಎಂದು ತಳ್ಳಿಹಾಕುತ್ತಾರೆ. ಕಾಗದವನ್ನೇ ಕೇಳಿ: ಇಂಥ ಕಾಮಗಾರಿಯ ಅಂದಾಜು ಪಟ್ಟಿ, ಆದ ಕೆಲಸದ ಅಳತೆ ಬರೆದಿಡುವ ಅಳತೆ ಪುಸ್ತಕದ ಪುಟ, ಬಿಲ್ಲಿನ ನಕಲು. 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಮುಂದಿನ 30 ದಿನದೊಳಗೆ ಮೇಲಧಿಕಾರಿಗೆ ಮೊದಲ ಮೇಲ್ಮನವಿ. ಅದಕ್ಕೂ ಬಗ್ಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ. ತಡ ಮಾಡಿದ ಅಧಿಕಾರಿಗೆ ದಿನಕ್ಕೆ 250ರಂತೆ 25,000 ರೂಪಾಯಿವರೆಗೆ ದಂಡ ಹಾಕುವ ಅಧಿಕಾರ ಆಯೋಗಕ್ಕಿದೆ.

ಅಳತೆ ಪುಸ್ತಕದ ನಕಲು ಸಿಕ್ಕ ದಿನ ಅದೇ ಟೇಪು ತೆಗೆದುಕೊಂಡು ನಾಲ್ಕು ಜನ ಬೀದಿಗೆ ಇಳಿಯಿರಿ. ಪುಸ್ತಕದಲ್ಲಿ 120 ಮೀಟರ್ ಇದ್ದು ನೆಲದ ಮೇಲೆ 90 ಇದ್ದರೆ, ಟೇಪಿನ ಎರಡೂ ತುದಿ ಕಾಣುವಂತೆ ಫೋಟೊ ತೆಗೆದು, ನಕಲಿನ ಜೊತೆ ತಾಲ್ಲೂಕು ಪಂಚಾಯಿತಿ ಕಾರ್ಯನಿರ್ವಾಹಕ ಅಧಿಕಾರಿಗೆ ಕೊಟ್ಟು, ಸೀಲು ಹಾಕಿದ ಸ್ವೀಕೃತಿ ಪಡೆದೇ ಹೊರಗೆ ಬನ್ನಿ.