ಒತ್ತಿದ ಕೀ ಯಾವುದು, ಮೂಡಿದ ಅಕ್ಷರ ಯಾವುದು: ಜಾವಾಸ್ಕ್ರಿಪ್ಟ್‌ನಲ್ಲಿ ಗುರುತಿಸುವ ಬಗೆ

ಕೀ ಕೋಡ್ ಎಂಬುದು ಕೀಲಿಮಣೆಯ ಗುಂಡಿಗೆ ಸೇರಿದ ಸಂಖ್ಯೆಯಾದರೆ, ಕ್ಯಾರೆಕ್ಟರ್ ಕೋಡ್ ಎಂಬುದು ಪಠ್ಯದಲ್ಲಿರುವ ಅಕ್ಷರಕ್ಕೆ ಸೇರಿದ ಸಂಖ್ಯೆ. ಇಂಗ್ಲಿಷಿನ ದೊಡ್ಡ ‘ಎ’ಗೆ 65, ಚಿಕ್ಕ ‘ಎ’ಗೆ 97 ಎಂಬ ಬೇರೆ ಬೇರೆ ಅಕ್ಷರ ಸಂಖ್ಯೆಗಳಿದ್ದರೂ, ಗುಂಡಿ ಒಂದೇ ಆದ್ದರಿಂದ ಕೀಡೌನ್ ಇವೆಂಟಿನ (ಗುಂಡಿ ಒತ್ತಿದೊಡನೆ ಬ್ರೌಸರ್ ಕೊಡುವ ಸೂಚನೆಯ) ಹಳೆಯ ‘ಕೀಕೋಡ್’ ಎರಡಕ್ಕೂ 65 ಎಂದೇ ತೋರಿಸುತ್ತದೆ.

ಹೊಸ ಪ್ರೋಗ್ರಾಮಿನಲ್ಲಿ ‘ಕೀಕೋಡ್’ ಬಳಸಬೇಡಿ. ಅದನ್ನು ಕೈಬಿಡುವಂತೆ ವೆಬ್ ಮಾನದಂಡಗಳೇ ಸೂಚಿಸುತ್ತವೆ. ಆಟಗಳಂತೆ ಗುಂಡಿಯ ಸ್ಥಾನವೇ ಮುಖ್ಯವಾದಲ್ಲಿ ‘ಇವೆಂಟ್.ಕೋಡ್’ ಅನ್ನೂ, ಮೂಡುವ ಅಕ್ಷರ ಮುಖ್ಯವಾದಲ್ಲಿ ‘ಇವೆಂಟ್.ಕೀ’ ಅನ್ನೂ ಓದಿ. ಭಾರತೀಯ ಭಾಷೆಗಳ ಇನ್‌ಸ್ಕ್ರಿಪ್ಟ್ ಕೀಲಿಮಣೆ ವಿನ್ಯಾಸದಲ್ಲಿ ‘ಕೆ’ ಗುಂಡಿ ಒತ್ತಿದರೆ ಮೊದಲನೆಯದು ‘ಕೀಕೆ’ ಎಂದೂ ಎರಡನೆಯದು ‘ಕ’ ಎಂದೂ ತಿಳಿಸುತ್ತದೆ.

ಕನ್ನಡ ಪಠ್ಯದಲ್ಲಿ ಹೆಚ್ಚು ಎಚ್ಚರ ಬೇಕಾಗುವುದು ಎಣಿಕೆಯಲ್ಲಿ. ಅಕ್ಷರಗಳಿಗೆ ಸಂಖ್ಯೆ ನಿಗದಿಪಡಿಸುವ ಯೂನಿಕೋಡ್ ಮಾನದಂಡ ಕನ್ನಡಕ್ಕೆ 3200ರಿಂದ 3327ರವರೆಗಿನ ಸ್ಥಾನಗಳನ್ನು ಮೀಸಲಿಟ್ಟಿದ್ದು, ‘ಕ’ದ ಮೇಲೆ ಅಕ್ಷರ ಸಂಖ್ಯೆ ಕೊಡುವ ‘ಕೋಡ್‌ಪಾಯಿಂಟ್‌ಆಟ್’ ಕರೆದರೆ 3221 ಬರುತ್ತದೆ. ಆದರೆ ‘ಕಿ’ಯಲ್ಲಿ ವ್ಯಂಜನ ಮತ್ತು ಗುಣಿತ ಚಿಹ್ನೆ ಸೇರಿ ಎರಡು ಕೋಡ್‌ಗಳೂ, ‘ಕ್ಷ’ದಲ್ಲಿ ಕಕಾರ, ಹಲಂತ ಚಿಹ್ನೆ (್), ಷಕಾರ ಎಂದು ಮೂರು ಕೋಡ್‌ಗಳೂ ಇರುವುದರಿಂದ, ಕೋಡ್‌ಗಳನ್ನು ಎಣಿಸುವ ‘ಲೆಂಗ್ತ್’ ನೀಡುವ ಸಂಖ್ಯೆಯನ್ನು ಅಕ್ಷರಗಳ ಸಂಖ್ಯೆಯೆಂದು ಭಾವಿಸಿ ಹೆಸರಿನ ಉದ್ದಕ್ಕೆ ಮಿತಿ ಹಾಕುವುದು ಕನ್ನಡಿಗರಿಗೆ ಅನ್ಯಾಯವೇ ಸರಿ.

ಆಂಡ್ರಾಯ್ಡ್ ಫೋನುಗಳ ತೆರೆಯ ಕೀಲಿಮಣೆಯಲ್ಲಿ ಕೀಡೌನ್ ಅನೇಕ ವೇಳೆ ಒತ್ತಿದ ಗುಂಡಿ ಯಾವುದೆಂದು ಹೇಳದೆ 229 ಎಂಬ ಸಂಖ್ಯೆಯನ್ನಷ್ಟೇ ಕೊಡುತ್ತದೆ. ಆದ್ದರಿಂದ ಬಳಕೆದಾರರು ಬರೆದ ಪಠ್ಯವನ್ನು ಪಡೆಯಲು ‘ಇನ್‌ಪುಟ್’ ಇವೆಂಟನ್ನು ಆಲಿಸಿ, ಪೆಟ್ಟಿಗೆಯಲ್ಲಿರುವ ಮೌಲ್ಯವನ್ನೇ ನೇರವಾಗಿ ಓದಿರಿ.