ಸೊನ್ನೆಯಿಂದ ಶುರುವಾಗುವ ಪಿನ್ ಕೋಡ್

ಗೆಳೆಯನೊಬ್ಬ 14 ನಿಮಿಷದ ಕಿರುಚಿತ್ರ ಮಾಡಲು ಹೊರಟಿದ್ದ. ಕಲಾ ನಿರ್ದೇಶನ ನನ್ನ ತಲೆಗೆ ಕಟ್ಟಿದ. ಕಥೆ ನಡೆಯುವುದು 2074ರಲ್ಲಿ. ಮಲ್ಲೇಶ್ವರದ ಅಜ್ಜಿಯೊಬ್ಬರು ಚಂದ್ರನ ಮೇಲೆ ಕೆಲಸಕ್ಕಿರುವ ಮೊಮ್ಮಗನಿಗೆ ಅವನ ತಂಗಿಯ ಲಗ್ನಪತ್ರಿಕೆ ಪೋಸ್ಟ್ ಮಾಡುತ್ತಾರೆ. ಅದನ್ನು ತಲುಪಿಸಬೇಕಾದವನು ನಮ್ಮ ಅಂಚೆ ಇಲಾಖೆಯ ಪೋಸ್ಟ್‌ಮ್ಯಾನ್. ಅಷ್ಟೇ ಕಥೆ.

ಮೊದಲ ದಿನವೇ ಜಗಳ. ಚಂದ್ರನಿಗೆ ರೇಡಿಯೋ ಸಂದೇಶ ಹೋಗಲು ಬೇಕಾಗುವುದು ಹೆಚ್ಚುಕಡಿಮೆ 1.3 ಸೆಕೆಂಡ್. ಹಾಗಿರುವಾಗ ಕಾಗದ ಯಾಕೆ ಹೋಗಬೇಕು? ಕ್ಯಾಮೆರಾದವನು ಕೇಳಿದ ಪ್ರಶ್ನೆ ಸರಿಯಾಗಿಯೇ ಇತ್ತು. ಉತ್ತರ ಸಿಕ್ಕಿದ್ದು ನಮ್ಮ ಮನೆಯ ಶೋಕೇಸಿನಲ್ಲಿ. ಯಾವುದೋ ಮದುವೆಯ ಪತ್ರಿಕೆ ಅಲ್ಲಿ ಬಿದ್ದಿತ್ತು, ನಾಲ್ಕು ಮೂಲೆಗೂ ಅರಿಶಿನ ಹಚ್ಚಿತ್ತು. ಅರಿಶಿನವನ್ನು ಫೋನಿನಲ್ಲಿ ಕಳಿಸಲು ಆಗಲ್ಲ ಅಲ್ವಾ? ಅಲ್ಲಿಗೆ ಆ ವಾದ ಮುಗಿಯಿತು.

ಹಾಲಿವುಡ್‌ನವರು ಏನು ಮಾಡಿದ್ದಾರೆ ಅಂತ ನೋಡಲು ಕೂತೆವು. ಅವರ ಭವಿಷ್ಯದಲ್ಲಿ ಅಂಚೆ ಕಚೇರಿ ಕಾಣುವುದೇ ಅಪರೂಪ. 'ಮೆನ್ ಇನ್ ಬ್ಲ್ಯಾಕ್' ಎರಡನೇ ಭಾಗದಲ್ಲಿ (2002) ನೆನಪು ಅಳಿಸಿದ ಏಜೆಂಟ್ ಒಬ್ಬ ಸಣ್ಣ ಊರಿನ ಪೋಸ್ಟ್‌ಮಾಸ್ಟರ್ ಆಗಿರುತ್ತಾನೆ. ಅದು ತಮಾಷೆಗೆ. ಗಂಭೀರವಾಗಿ ಅಂಚೆಯನ್ನೇ ನಂಬಿ ತೆಗೆದದ್ದು 'ದಿ ಪೋಸ್ಟ್‌ಮ್ಯಾನ್', 1997ರದ್ದು. ಕೆವಿನ್ ಕಾಸ್ಟ್ನರ್ ನಟಿಸಿ ನಿರ್ದೇಶಿಸಿದ ಸಿನಿಮಾ. ಅಮೆರಿಕ ಸರ್ಕಾರವೇ ಕುಸಿದುಬಿದ್ದ ಮೇಲೆ ಒಬ್ಬ ಅಲೆಮಾರಿಗೆ ಸತ್ತ ಪೋಸ್ಟ್‌ಮ್ಯಾನ್‌ನ ಸಮವಸ್ತ್ರ, ಪತ್ರದ ಚೀಲ ಸಿಗುತ್ತವೆ. ಊಟಕ್ಕೋಸ್ಕರ ಅವನು ಸುಳ್ಳು ಹೇಳುತ್ತಾನೆ: ಸರ್ಕಾರ ಮತ್ತೆ ಬಂದಿದೆ, ಟಪಾಲು ತಂದಿದ್ದೀನಿ. ಜನ ನಂಬಿಬಿಡುತ್ತಾರೆ. ಸಿನಿಮಾ ಮಕಾಡೆ ಮಲಗಿತು, ಸಿಕ್ಕಾಪಟ್ಟೆ ಉದ್ದ ಬೇರೆ. ಆದರೆ ನನಗೆ ಕುತೂಹಲ ಆಗಿದ್ದು ಒಂದು ವಿಷಯ. ಆ ಕಥೆ ನಡೆಯುವುದು 2013ರಲ್ಲಿ. ಅದೇ 2013ರ ಜುಲೈನಲ್ಲಿ ನಮ್ಮ ದೇಶದಲ್ಲಿ ತಂತಿ ಸೇವೆ ನಿಂತುಹೋಯಿತು.

ನಿರ್ದೇಶಕನಿಗೆ ರಾಕೆಟ್, ಡ್ರೋನ್ ಬೇಕಿತ್ತು. ರಾಕೆಟ್ ಹಳೇ ಕಥೆ ಕಣೋ ಅಂದೆ. 1930ರ ದಶಕದಲ್ಲೇ ಸ್ಟೀಫನ್ ಸ್ಮಿತ್ ಎಂಬವರು ಭಾರತದಲ್ಲಿ ರಾಕೆಟ್ಟಿನಲ್ಲಿ ಪತ್ರ ಹಾರಿಸಿದ್ದರು. ಒಮ್ಮೆ ಒಂದು ಹುಂಜ, ಒಂದು ಹೇಂಟೆಯನ್ನೂ ಹಾರಿಸಿ ನದಿ ದಾಟಿಸಿದರು, ಎರಡೂ ಬದುಕಿದವು. ಅವರ ನೆನಪಿಗೆ 1992ರಲ್ಲಿ ಅಂಚೆ ಚೀಟಿಯೂ ಬಂದಿದೆ. ಡ್ರೋನೂ ಹೊಸದೇನಲ್ಲ. 2022ರಲ್ಲಿ ಕಚ್‌ನಲ್ಲಿ ಅಂಚೆ ಇಲಾಖೆಯೇ ಪರೀಕ್ಷೆಗೆ ಹಾರಿಸಿತ್ತು. ಈಗಾಗಲೇ ಆಗಿಹೋಗಿದ್ದನ್ನು 2074 ಅಂತ ತೋರಿಸಿದರೆ ನೋಡುವವರು ನಗಲ್ವಾ?

ಅಂಚೆ ಕಚೇರಿಯ ಗೋಡೆಗೆ ಮಾದರಿ ಇಲ್ಲೇ ಸಿಕ್ಕಿತು. ಹಲಸೂರಿನ ಹತ್ತಿರ ಕೇಂಬ್ರಿಡ್ಜ್ ಲೇಔಟ್‌ನಲ್ಲಿ ತ್ರೀಡಿ ಪ್ರಿಂಟ್ ಮಾಡಿದ ಅಂಚೆ ಕಚೇರಿ ಇದೆ. 1,021 ಚದರ ಅಡಿ, ಕಟ್ಟಿದ್ದು 43 ದಿನದಲ್ಲಿ. ಹತ್ತಿರ ಹೋಗಿ ನೋಡಿದರೆ ಗೋಡೆ ಪೂರ್ತಿ ಚಕ್ಕುಲಿ ಒತ್ತಿದ ಹಾಗೆ ಎಳೆ ಎಳೆ. ಅದು ಉದ್ಘಾಟನೆ ಆಗಿದ್ದು 2023ರ ಆಗಸ್ಟ್ 18ರಂದು. ಚಂದ್ರಯಾನ-3 ಇಳಿದದ್ದು ಅದಾಗಿ ಐದೇ ದಿನಕ್ಕೆ. ನನಗೆ ಅದೇ ಸಾಕಾಗಿತ್ತು. ಏರಿಳಿತದ ರಟ್ಟನ್ನು ಅಡ್ಡಡ್ಡ ಅಂಟಿಸಿ, ಬೂದಿ ಬಣ್ಣ ಬಳಿದು ಒಂದು ಮೂಲೆಯ ಸೆಟ್ ಹಾಕಿದೆವು.

ಜಾಸ್ತಿ ತಲೆ ತಿಂದದ್ದು ವಿಳಾಸ. ಲಕೋಟೆಯ ಮೇಲೆ ಪಿನ್ ಕೋಡ್ ಬರೆಯಬೇಕಲ್ಲ. 1972ರ ಆಗಸ್ಟ್ 15ರಿಂದ ನಾವು ಬಳಸುತ್ತಿರುವ ಆರು ಅಂಕಿಗಳಲ್ಲಿ ಮೊದಲನೆಯದು ವಲಯ. ನಮ್ಮದು 5, ಆಂಧ್ರ, ತೆಲಂಗಾಣದ್ದೂ ಅದೇ. 1ರಿಂದ 8ರವರೆಗೆ ದೇಶ ಹಂಚಿಹೋಗಿದೆ, 9 ಸೈನ್ಯದ ಅಂಚೆಗೆ. ಚಂದ್ರನಿಗೆ ಜಾಗವೇ ಇಲ್ಲ! 2025ರಲ್ಲಿ ಬಂದ ಡಿಜಿಪಿನ್ ನೋಡಿದೆವು. ಅದು ದೇಶವನ್ನು ಸುಮಾರು 4 ಮೀಟರ್ ಉದ್ದಗಲದ ಚೌಕಗಳಾಗಿ ಹೆಚ್ಚಿ, ಒಂದೊಂದಕ್ಕೂ ಹತ್ತು ಅಕ್ಷರ-ಅಂಕಿಯ ಗುರುತು ಕೊಡುತ್ತದೆ. ಅದರ ನಕ್ಷೆಯೂ ಭೂಮಿ ಬಿಟ್ಟು ಹೋಗಲ್ಲ. ರಾತ್ರಿ ಹನ್ನೊಂದಕ್ಕೆ ಹೊಳೆಯಿತು, ಸೊನ್ನೆಯಿಂದ ಶುರುವಾಗುವ ಪಿನ್ ಒಂದೂ ಇಲ್ಲ. ಚಂದ್ರನಿಗೆ 000 001 ಕೊಟ್ಟೆ. ಬೆಂಗಳೂರು ಜಿಪಿಒದ 560 001 ಪಕ್ಕದಲ್ಲಿ ಅದನ್ನು ನೋಡಿದಾಗ ಸುಮ್ನೆ ಖುಷಿಯಾಯಿತು.

ಲಗ್ನಪತ್ರಿಕೆ ಸುಲ್ತಾನ್‌ಪೇಟೆಯಲ್ಲಿ ಮಾಡಿಸಿದೆ. ಮುಹೂರ್ತದ ಇಸವಿ 2074 ಅಂತ ನೋಡಿ ಅಂಗಡಿಯ ಹುಡುಗ, "ಸರ್, ಪ್ರೂಫ್ ತಪ್ಪಾಗಿದೆ" ಅಂತ ಎರಡು ಸಲ ಫೋನ್ ಮಾಡಿದ.

ಆಮೇಲೆ ಠಸ್ಸೆ. ನನ್ನ ಪ್ರಕಾರ ಇಡೀ ಸಿನಿಮಾ ನಿಂತಿದ್ದು ಅದರ ಮೇಲೆ. ಸ್ಟಾಂಪಿನ ಮೇಲೆ ಕಪ್ಪು ಮಸಿಯ ದುಂಡನೆ ಗುರುತು, ಅದರೊಳಗೆ ಊರು, ತಾರೀಖು. ಅದು ಬಿದ್ದರೆ ಲಕೋಟೆ ಸರ್ಕಾರದ ಕೈಗೆ ಹೋಯಿತು ಅಂತ ಯಾರಿಗೂ ಬಾಯಿಬಿಟ್ಟು ಹೇಳಬೇಕಿಲ್ಲ. ಅವೆನ್ಯೂ ರಸ್ತೆ ಹತ್ತಿರದ ರಬ್ಬರ್ ಸ್ಟಾಂಪಿನವರ ಬಳಿ ಹೋದೆ. ತಾರೀಖು ತಿರುಗಿಸುವ ಸೀಲು ಕೊಟ್ಟರು. ಇಸವಿಯ ಪಟ್ಟಿ ತಿರುಗಿಸಿದೆ, ತಿರುಗಿಸಿದೆ, ಹತ್ತು-ಹನ್ನೆರಡು ವರ್ಷಕ್ಕೇ ಮುಗಿದುಹೋಯಿತು. "2074 ಬೇಕಿತ್ತು" ಅಂದೆ. ಅವರು ಕನ್ನಡಕ ಮೇಲೆತ್ತಿ, "ಅಷ್ಟು ಹೊತ್ತಿಗೆ ನಾನೂ ಇರಲ್ಲ, ನೀವೂ ಇರಲ್ಲ, ಯಾಕೆ ಬೇಕು?" ಅಂದರು. ಕೊನೆಗೆ ಬಿಲ್ಲಿಗೆ ನಂಬರ್ ಹೊಡೆಯುವ ಸೀಲಿನಿಂದ ಅಂಕಿ ಕತ್ತರಿಸಿ ಕೂರಿಸಿಕೊಟ್ಟರು. 7 ಕೊಂಚ ಓರೆ ಆಯಿತು. ಹಾಗೇ ಬಿಟ್ಟೆ. ನೇರ ಇದ್ದಿದ್ದರೆ ಯಾರೂ ನಂಬುತ್ತಿರಲಿಲ್ಲ.

ಶೂಟಿಂಗ್‌ಗೆ ಮುಂಚೆ ಚಿತ್ರಕಥೆಯನ್ನು ನಮ್ಮ ಬೀದಿಗೆ ಹಿಂದೆ ಟಪಾಲು ತರುತ್ತಿದ್ದವರಿಗೆ ಓದಿ ಹೇಳಿದೆ. ರಿಟೈರ್ ಆಗಿದ್ದಾರೆ, ಸಂಜೆ ಪಾರ್ಕಿನಲ್ಲಿ ಸಿಗುತ್ತಾರೆ. ರಾಕೆಟ್, ಗುಮ್ಮಟ, ಚಂದ್ರನ ಬೆಟ್ಟ ಎಲ್ಲಕ್ಕೂ ತಲೆ ಆಡಿಸಿದರು. ಕೊನೆಯ ದೃಶ್ಯದಲ್ಲಿ ಪೋಸ್ಟ್‌ಮ್ಯಾನ್ ಬಾಗಿಲು ತಟ್ಟುತ್ತಾನೆ, ಮೊಮ್ಮಗ ಪಾಳಿಯಲ್ಲಿದ್ದಾನೆ, ಪತ್ರ ವಾಪಸ್ ಹೊರಡುತ್ತದೆ. ಅಲ್ಲಿ ಅವರು ಕೈ ಎತ್ತಿದರು.

"ಏನಪ್ಪಾ, ಒಂದೇ ಸಲಕ್ಕೆ ವಾಪಸ್ಸಾ? ಲಕೋಟೆ ಮೇಲೆ 'ಡೋರ್ ಲಾಕ್' ಅಂತ ಬರೀಬೇಕು, ತಾರೀಖು ಹಾಕಿ ಸಹಿ ಮಾಡ್ಬೇಕು. ನಾಳೆ ಮತ್ತೆ ಹೋಗ್ಬೇಕು."

"ಅಣ್ಣಾ, ಅಲ್ಲಿ ಒಂದು ಹಗಲು-ರಾತ್ರಿ ಅಂದ್ರೆ ನಮ್ಮ ಇಪ್ಪತ್ತೊಂಬತ್ತೂವರೆ ದಿನ. ನಾಳೆ ಅಂದ್ರೆ ಯಾವಾಗ?"

ಅವರು ಒಂದು ಕ್ಷಣವೂ ಯೋಚಿಸಲಿಲ್ಲ. "ಸೀಲ್ ಯಾವೂರಿಂದು?"

"ಬೆಂಗಳೂರಿಂದು."

"ಮತ್ತೆ? ನಾಳೆ ಬೆಳಗ್ಗೆ ಬೀಟ್‌ಗೆ ಹೊರಡೋ ಹೊತ್ತಿಗೆ."

ಸೆಟ್ಟಿನ ರಟ್ಟಿನ ಗೋಡೆಗೆ ಒಂದು ಗಡಿಯಾರ ನೇತುಹಾಕಿ ಕೆಳಗೆ 'ಬೆಂಗಳೂರು' ಅಂತ ಬರೆದೆವು. ಎರಡನೇ ದಿನದ ದೃಶ್ಯ ಸೇರಿಸಿದೆವು. ಕಿರುಚಿತ್ರ ಈಗ 16 ನಿಮಿಷ.