ಆರನೇತ್ತಾಕ್ಕೋ, ಒಂಬತ್ತನೇತ್ತಾಕ್ಕೋ: ವಸತಿ ಶಾಲೆಗೆ ಅರ್ಜಿ ತುಂಬುವ ಮುಂಚೆ ನಾನು ಹಾಕುವ ಲೆಕ್ಕ

ಜೂನ್ ಬಂತೆಂದರೆ ಪಾಲಕರ ಬಾಯಲ್ಲಿ ಒಂದೇ ಮಾತು: "ಸರ, ಹುಡುಗ ಇನ್ನಾ ಸಣ್ಣಾವ ಅದಾನ, ಒಂಬತ್ತನೇತ್ತಾಕ ಹಾಕಿದ್ರ ನಡೀತೈತಲ್ರಿ?" ನಡೆಯುತ್ತದೆ. ಆದರೆ ಆರನೇತ್ತಾಕ್ಕೆ, ಅಂದರೆ ಆರನೇ ತರಗತಿಗೆ, ಇರುವುದು ಹೆಬ್ಬಾಗಿಲು, ಒಂಬತ್ತನೇತ್ತಾಕ್ಕೆ ಇರುವುದು ಕಿಟಕಿ. ಆರಕ್ಕೆ ಇಡೀ ತರಗತಿಯನ್ನು ಹೊಸದಾಗಿ ತುಂಬುತ್ತಾರೆ. ಒಂಬತ್ತಕ್ಕೆ ಸೀಟು ಕಡಿಮೆ, ಕೇಂದ್ರ ಸರ್ಕಾರದ ನವೋದಯ ವಸತಿ ಶಾಲೆಯಲ್ಲಂತೂ ಯಾರಾದರೂ ಬಿಟ್ಟುಹೋದ ಸೀಟಷ್ಟೇ. ಸೀಟು ಮಾತ್ರವಲ್ಲ, ಪ್ರಶ್ನೆಪತ್ರಿಕೆಯ ಭಾಷೆ, ವಿಷಯ, ಎಷ್ಟು ಸಲ ಬರೆಯಬಹುದು ಎನ್ನುವುದೂ ಬದಲಾಗುತ್ತದೆ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯ ಕನ್ನಡ ಮಾಧ್ಯಮದ ಮಕ್ಕಳಿಗೆ ಸೀಟಿನ ಸಂಖ್ಯೆಗಿಂತ ಹೆಚ್ಚು ಪೆಟ್ಟು ಕೊಡುವುದು ಭಾಷೆ.

ಅರ್ಜಿ ತುಂಬಲು ಕೂತಾಗ ನಾನು ಮೊದಲು ನೋಡುವುದು ಅಂಕಪಟ್ಟಿಯನ್ನಲ್ಲ, ಹುಟ್ಟಿದ ದಿನಾಂಕವನ್ನು. ಸೈನಿಕ ಶಾಲೆಯ ಆರನೇ ತರಗತಿಗೆ, ಸೇರುವ ವರ್ಷದ ಮಾರ್ಚ್ 31ಕ್ಕೆ ಮಗುವಿಗೆ 10ರಿಂದ 12 ವರ್ಷ ಇರಬೇಕು. ಒಂಬತ್ತಕ್ಕೆ 13ರಿಂದ 15. 2026ರಲ್ಲಿ ಆರಕ್ಕೆ ಸೇರಬೇಕಾದರೆ 2014ರ ಏಪ್ರಿಲ್ 1ರಿಂದ 2016ರ ಮಾರ್ಚ್ 31ರೊಳಗೆ ಹುಟ್ಟಿರಬೇಕು. ಈ ಅವಧಿ ಎರಡು ವರ್ಷದ್ದು, ಹಾಗಾಗಿ ಒಂದೇ ಮಗು ಎರಡು ವರ್ಷ ಅದರೊಳಗೆ ಬೀಳುತ್ತದೆ. 2015ರ ಆಗಸ್ಟ್‌ನಲ್ಲಿ ಹುಟ್ಟಿದ ಮಗು ಐದನೇತ್ತಾ ಓದುವಾಗ ಒಮ್ಮೆ ಬರೆದು, ಸಿಗದಿದ್ದರೆ ಆರನೇತ್ತಾ ಓದುತ್ತಲೇ ಮತ್ತೊಮ್ಮೆ ಆರಕ್ಕೇ ಬರೆಯಬಹುದು. ಒಂದು ವರ್ಷ ಹಿಂದೆ ಬೀಳುತ್ತದೆ, ಅಷ್ಟೇ.

ನಮ್ಮ ಹಳ್ಳಿಗಳ ದಾಖಲಾತಿ ರಜಿಸ್ಟರ್ ತೆಗೆದರೆ ಅರ್ಧಕ್ಕರ್ಧ ಮಕ್ಕಳು ಜೂನ್ 1ಕ್ಕೇ ಹುಟ್ಟಿರುತ್ತಾರೆ! ಒಂದನೇತ್ತಾಕ್ಕೆ ಹೆಸರು ಹಚ್ಚುವಾಗ ಯಾರೋ ಅಂದಾಜಿನಲ್ಲಿ ಬರೆದದ್ದು. ಜನನ ಪ್ರಮಾಣಪತ್ರದಲ್ಲಿ ಬೇರೆ ತಾರೀಕು, ಆಧಾರ್‌ನಲ್ಲಿ ಮತ್ತೊಂದು. ಆಯ್ಕೆಯಾಗಿ ದಾಖಲೆ ಪರಿಶೀಲನೆಗೆ ಹೋದಾಗ ಈ ಮೂರೂ ತಾಳೆಯಾಗದೆ ಕೈಗೆ ಬಂದ ಸೀಟು ಹೋಗುತ್ತದೆ. ಇದನ್ನು ಸರಿಪಡಿಸುವ ಕಾಲ ನಾಲ್ಕನೇತ್ತಾ. ಐದನೇತ್ತಾದ ಡಿಸೆಂಬರ್‌ನಲ್ಲಿ ಓಡಾಡಿದರೆ ಆಗುವುದಿಲ್ಲ.

ನವೋದಯದ ಆರನೇ ತರಗತಿಗೆ ಎರಡನೇ ಅವಕಾಶ ಎಂಬುದೇ ಇಲ್ಲ. ಅದೇ ವರ್ಷ ಐದನೇತ್ತಾ ಓದುತ್ತಿರುವ ಮಗು ಮಾತ್ರ ಬರೆಯಬೇಕು, ಒಮ್ಮೆ ಬರೆದವರು ಮತ್ತೆ ಬರೆಯುವಂತಿಲ್ಲ. ಹಾಗಾಗಿ ಎರಡೂ ಬರೆಯುವ ಮಗುವಿನ ತಯಾರಿಯಲ್ಲಿ ಐದನೇತ್ತಾದ ವರ್ಷವನ್ನು ನವೋದಯದ ಕಡೆ ವಾಲಿಸುವುದು ನನ್ನ ಪದ್ಧತಿ. ವಯಸ್ಸು ಮೀರದಿದ್ದರೆ ಸೈನಿಕ ಶಾಲೆಗೆ ಇನ್ನೊಂದು ವರ್ಷ ಉಳಿದಿರುತ್ತದೆ.

ನವೋದಯದಲ್ಲಿ ಆರನೇ ತರಗತಿಗೆ ಹೆಚ್ಚೆಂದರೆ 80 ಸೀಟು. ಶೇ 75ರಷ್ಟು ಗ್ರಾಮೀಣ ಮಕ್ಕಳಿಗೆ, ಮೂರನೇ ಒಂದು ಭಾಗ ಹೆಣ್ಣುಮಕ್ಕಳಿಗೆ. ಪರೀಕ್ಷೆ ಕನ್ನಡದಲ್ಲೇ ಬರೆಯಬಹುದು: ಎರಡು ತಾಸು, 80 ಪ್ರಶ್ನೆ, 100 ಅಂಕ. ಮಾನಸಿಕ ಸಾಮರ್ಥ್ಯ 40 ಪ್ರಶ್ನೆಗೆ 50 ಅಂಕ, ಅಂಕಗಣಿತ 20ಕ್ಕೆ 25, ಭಾಷೆ 20ಕ್ಕೆ 25. ತಪ್ಪಿಗೆ ಅಂಕ ಕಡಿತವಿಲ್ಲ. ಒಟ್ಟು ಅಂಕದಲ್ಲಿ ಅರ್ಧ ಚಿತ್ರಗಳ ಮೇಲೆ: ಗುಂಪಿಗೆ ಸೇರದ ಚಿತ್ರ, ಕನ್ನಡಿಯ ಬಿಂಬ, ಮಡಚಿ ತೂತು ಹಾಕಿದ ಕಾಗದ, ಅಡಗಿದ ಆಕೃತಿ, ಇಂಥವು ಒಟ್ಟು ಹತ್ತು ಬಗೆ. ಇದಕ್ಕೆ ಮನೆಯಲ್ಲಿ ಓದಿಸುವವರಿಲ್ಲದ ಮಗುವೂ ತಯಾರಾಗಬಹುದು. ಕಾಗದ ಮಡಚಿ, ಪೆನ್ಸಿಲ್ ತುದಿಯಿಂದ ತೂತು ಹಾಕಿ, ಬಿಚ್ಚಿ ತೋರಿಸಿದರೆ ಎರಡು ವಾರದಲ್ಲಿ ಆ ಬಗೆ ಕೈಗೆ ಹತ್ತುತ್ತದೆ. ಬರೀ ಗೈಡ್ ನೋಡಿಸಿದರೆ ಎರಡು ತಿಂಗಳಾದರೂ ಹತ್ತುವುದಿಲ್ಲ.

ಅದೇ ನವೋದಯಕ್ಕೆ ಒಂಬತ್ತನೇ ತರಗತಿಯ ಪರೀಕ್ಷೆ ಬೇರೆಯದೇ ಪ್ರಾಣಿ. ಗಣಿತ 35, ವಿಜ್ಞಾನ 35, ಇಂಗ್ಲಿಷ್ 15, ಹಿಂದಿ 15. ಚಿತ್ರಗಳ ಪ್ರಶ್ನೆ ಒಂದೂ ಇಲ್ಲ. ಗಣಿತ, ವಿಜ್ಞಾನದ ಪ್ರಶ್ನೆಗಳು ಇಂಗ್ಲಿಷ್ ಅಥವಾ ಹಿಂದಿಯಲ್ಲಿ. ಎಂಟನೇತ್ತಾದವರೆಗೆ ಕನ್ನಡದಲ್ಲಿ 'ದ್ಯುತಿಸಂಶ್ಲೇಷಣೆ' ಎಂದು ಓದಿದ ಹುಡುಗಿಗೆ ಉತ್ತರ ಗೊತ್ತಿರುತ್ತದೆ, ಕೇಳಿದ್ದೇನೆಂದು ತಿಳಿಯುವುದಿಲ್ಲ. ಖಾಲಿ ಸೀಟುಗಳೋ ಬೆರಳೆಣಿಕೆಯವು, ವರ್ಷದಿಂದ ವರ್ಷಕ್ಕೆ ಜಿಲ್ಲೆಯಿಂದ ಜಿಲ್ಲೆಗೆ ಬೇರೆ. "ಈಗ ಆಗಲಿಲ್ಲಂದ್ರ ಒಂಬತ್ತನೇತ್ತಾಕ ನೋಡೂಣ" ಎನ್ನುವವರಿಗೆ ನಾನು ಒಂದೇ ಕೆಲಸ ಹೇಳುತ್ತೇನೆ. ಏಳನೇತ್ತಾದಿಂದಲೇ ಗಣಿತ, ವಿಜ್ಞಾನದ ಇಂಗ್ಲಿಷ್ ಮಾಧ್ಯಮದ ಪುಸ್ತಕ ತಂದು, ಪ್ರತಿ ಪಾಠದ ಪಾರಿಭಾಷಿಕ ಪದಗಳನ್ನು ಕನ್ನಡದ ಎದುರು ಬರೆಯಿಸಿ. ಪಾಠಕ್ಕೆ ಇಪ್ಪತ್ತು ಪದ ಸಾಕು. ಹಿಂದಿಯ 15 ಅಂಕವನ್ನು ಬಿಡಬೇಡಿ. ತೃತೀಯ ಭಾಷೆಯೆಂದು ಎಲ್ಲರೂ ಉದಾಸೀನ ಮಾಡುತ್ತಾರೆ, ಆದ್ದರಿಂದಲೇ ಅಲ್ಲಿ ಮುಂದೆ ಹೋಗಬಹುದು.

ನವೋದಯದ ಗ್ರಾಮೀಣ ಕೋಟಾ ತಪ್ಪಿಹೋಗುವುದು ಬಹುತೇಕ ನಮ್ಮ ಕೈಯಿಂದಲೇ. ಮೂರು, ನಾಲ್ಕು, ಐದನೇ ತರಗತಿಗಳನ್ನು ಪೂರ್ತಿ ಹಳ್ಳಿಯ ಮಾನ್ಯತೆ ಪಡೆದ ಶಾಲೆಯಲ್ಲೇ ಓದಿರಬೇಕು. ಒಂದು ದಿನ ಪಟ್ಟಣದ ಶಾಲೆಯಲ್ಲಿ ಹೆಸರಿದ್ದರೂ ನಗರದ ಅಭ್ಯರ್ಥಿ. ಕೋಚಿಂಗ್ ಸಲುವಾಗಿ ನಾಲ್ಕನೇತ್ತಾ ಮುಗಿದ ಕೂಡಲೇ ಟಿ.ಸಿ. ಕಿತ್ತು ವಿಜಯಪುರಕ್ಕೋ ಜಮಖಂಡಿಗೋ ಒಯ್ದವರು, ಮಗುವನ್ನು 60 ಸೀಟಿನ ಪಾಲಿನಿಂದ ತೆಗೆದು ಉಳಿದ 20ರ ಪೈಪೋಟಿಗೆ ಇಳಿಸಿರುತ್ತಾರೆ. ಜಿಲ್ಲೆ ದಾಟಿಸಿದರೆ ಇನ್ನೂ ಕಷ್ಟ. ಮಗು ಅದೇ ಜಿಲ್ಲೆಯ ನಿವಾಸಿಯಾಗಿ ಅದೇ ಜಿಲ್ಲೆಯಲ್ಲಿ ಐದನೇತ್ತಾ ಓದುತ್ತಿರಬೇಕು. ಬಾಗಲಕೋಟೆಯ ಮನೆ, ವಿಜಯಪುರದ ಟಿ.ಸಿ. ಎಂದರೆ ಎರಡೂ ಕಡೆ ಸಲ್ಲದವನಾಗುತ್ತಾನೆ. ತಾಂಡಾಗಳಿಂದ ಗೋವಾಕ್ಕೋ ಕಬ್ಬು ಕಡಿಯಲು ಸಾಂಗಲಿ ಕಡೆಗೋ ಗುಳೆ ಹೋಗುವ ಮನೆಗಳ ಮಕ್ಕಳಿಗೂ ಇದೇ ಗತಿ. ಅವರ ಹೆಸರು ಮೂರನೇತ್ತಾದಿಂದ ಊರ ಸಾಲಿಯಲ್ಲೇ ಉಳಿದು ಹಾಜರಿ ಮುರಿಯದಂತೆ ಅಜ್ಜ-ಅಜ್ಜಿಯ ಹತ್ತಿರವೋ ಹಂಗಾಮಿ ಹಾಸ್ಟೆಲ್‌ನಲ್ಲೋ ಇರಿಸುವ ಏರ್ಪಾಟನ್ನು ದಸರಾಕ್ಕಿಂತ ಮೊದಲೇ ಮಾಡಬೇಕು.

ಈಗ ಸೈನಿಕ ಶಾಲೆ. ವಿಜಯಪುರದ್ದು 1963ರಿಂದ ಇದೆ. ಅಖಿಲ ಭಾರತ ಪ್ರವೇಶ ಪರೀಕ್ಷೆಯನ್ನು ರಾಷ್ಟ್ರೀಯ ಪರೀಕ್ಷಾ ಸಂಸ್ಥೆ (ಎನ್‌ಟಿಎ) ನಡೆಸುತ್ತದೆ. ಆರನೇ ತರಗತಿಯದು 300 ಅಂಕ, 150 ನಿಮಿಷ: ಗಣಿತ 50 ಪ್ರಶ್ನೆಗೆ ತಲಾ 3ರಂತೆ 150, ಭಾಷೆ, ಬುದ್ಧಿಮತ್ತೆ, ಸಾಮಾನ್ಯ ಜ್ಞಾನ ತಲಾ 25 ಪ್ರಶ್ನೆಗೆ 50. ಇದನ್ನು ಕನ್ನಡದಲ್ಲಿ ಬರೆಯಬಹುದು. ಒಂಬತ್ತನೆಯದು 400 ಅಂಕ, 180 ನಿಮಿಷ: ಗಣಿತ 200, ಬುದ್ಧಿಮತ್ತೆ, ಇಂಗ್ಲಿಷ್, ವಿಜ್ಞಾನ, ಸಮಾಜ ವಿಜ್ಞಾನ ತಲಾ 50. ಇದು ಇಂಗ್ಲಿಷ್‌ನಲ್ಲಿ ಮಾತ್ರ. ಎರಡರಲ್ಲೂ ಗಣಿತ ಅರ್ಧ. ಅದಕ್ಕೇ ನವೋದಯ ತಪ್ಪಿದ ಗಣಿತದ ಹುಡುಗನಿಗೆ ಇಲ್ಲಿ ಆಸೆ ಇರುತ್ತದೆ, ನವೋದಯದಲ್ಲಿ ಚಿತ್ರಗಳಿಂದ ಅಂಕ ಎತ್ತಿದವನು ಇಲ್ಲಿ ಹಿಂದೆ ಬೀಳುತ್ತಾನೆ.

ಅರ್ಹತೆಗೆ ಪ್ರತಿ ವಿಷಯದಲ್ಲೂ ಶೇ 25, ಒಟ್ಟಾರೆ ಶೇ 40 ಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಈ ಮಿತಿ ಇಲ್ಲ. ಆರರ ಪರೀಕ್ಷೆಯಲ್ಲಿ ಸಾಮಾನ್ಯ ಜ್ಞಾನದಲ್ಲಿ ಕನಿಷ್ಠ 7 ಪ್ರಶ್ನೆ, ಗಣಿತದಲ್ಲಿ 13 ಸರಿಯಾಗಬೇಕು. ಗಣಿತದಲ್ಲಿ 40 ಸರಿ ಮಾಡಿ ಸಾಮಾನ್ಯ ಜ್ಞಾನದಲ್ಲಿ 6ಕ್ಕೆ ನಿಂತರೆ ಅನರ್ಹ. ತಪ್ಪಿಗೆ ಕಡಿತ ಇಲ್ಲದ್ದರಿಂದ ಒಂದೂ ವೃತ್ತ ಖಾಲಿ ಬಿಡಬಾರದು ಎಂದು ನಾನು ಕೊನೆಯ ಹದಿನೈದು ದಿನ ಬರೀ ಒಎಂಆರ್ ಉತ್ತರಹಾಳೆ ತುಂಬಿಸುತ್ತೇನೆ. 125 ಪ್ರಶ್ನೆಯ ಹಾಳೆಯಲ್ಲಿ ನಡುವೆ ಒಂದು ಸಾಲು ಜಾರಿದರೆ ಕೆಳಗಿನದೆಲ್ಲ ಜಾರುತ್ತದೆ. ಹತ್ತು ವರ್ಷದ ಮಗುವಿಗೆ ಇದು ಗಣಿತಕ್ಕಿಂತ ದೊಡ್ಡ ಗಂಡಾಂತರ.

ಅರ್ಹರಾದವರೆಲ್ಲ ಸೀಟು ಪಡೆಯುವುದಿಲ್ಲ. ಸೀಟು ಹಂಚುವ ಲೆಕ್ಕವನ್ನು ಒಮ್ಮೆ ಹಾಳೆಯ ಮೇಲೆ ಹಾಕಿ ನೋಡಿದರೆ ಆರಕ್ಕೂ ಒಂಬತ್ತಕ್ಕೂ ಇರುವ ಅಂತರ ಕಣ್ಣಿಗೆ ಕಾಣುತ್ತದೆ. ಶೇ 67 ರಾಜ್ಯದವರಿಗೆ, ಶೇ 33 ಹೊರಗಿನವರಿಗೆ. ಪ್ರತಿ ಪಾಲಿನಲ್ಲೂ ಪರಿಶಿಷ್ಟ ಜಾತಿಗೆ ಶೇ 15, ಪಂಗಡಕ್ಕೆ ಶೇ 7.5, ಕೆನೆಪದರವಲ್ಲದ ಒಬಿಸಿಗೆ ಶೇ 27. ಉಳಿದದ್ದರಲ್ಲಿ ಕಾಲುಭಾಗ ಸೈನಿಕರ ಮಕ್ಕಳಿಗೆ. ಲೆಕ್ಕಕ್ಕೆಂದು ಆರನೇ ತರಗತಿಗೆ 80 ಸೀಟು ಎಂದಿಟ್ಟುಕೊಳ್ಳಿ. ರಾಜ್ಯಕ್ಕೆ 54. ಅದರಲ್ಲಿ 8, 4, 15 ಮೀಸಲು ಹೋಗಿ 27 ಉಳಿಯುತ್ತದೆ. ಸೈನಿಕರ ಮಕ್ಕಳಿಗೆ 7 ತೆಗೆದರೆ ಸಾಮಾನ್ಯ ವರ್ಗಕ್ಕೆ 20. ಒಂಬತ್ತಕ್ಕೆ 20 ಸೀಟು ಎಂದಿಟ್ಟುಕೊಂಡರೆ ರಾಜ್ಯಕ್ಕೆ 13. ಮೀಸಲು 2, 1, 4 ಹೋದರೆ 6, ಸೈನಿಕರ ಮಕ್ಕಳದು ಒಂದೋ ಎರಡೋ, ಕೊನೆಗೆ ಸಾಮಾನ್ಯ ವರ್ಗಕ್ಕೆ 4 ಅಥವಾ 5. ಇಷ್ಟು ಕಡಿಮೆ ಸೀಟಿರುವಲ್ಲಿ ಒಂದು ಗಣಿತದ ಪ್ರಶ್ನೆ, ಅಂದರೆ 4 ಅಂಕ, ಪಟ್ಟಿಯಲ್ಲಿ ಎಷ್ಟೋ ಸ್ಥಾನ ಕೆಳಗಿಳಿಸುತ್ತದೆ.

ಈ ಲೆಕ್ಕದಲ್ಲಿ ಒಬಿಸಿ ಎಂದರೆ ಕೇಂದ್ರದ ಪಟ್ಟಿಯ ಒಬಿಸಿ. ನಾಡಕಚೇರಿಯಿಂದ ತರುವ ಹಿಂದುಳಿದ ವರ್ಗದ 2ಎ, 3ಎ, 3ಬಿ ಪ್ರಮಾಣಪತ್ರ ರಾಜ್ಯದ್ದು. 3ಬಿ ಇದ್ದವರೆಲ್ಲ ಕೇಂದ್ರದ ಪಟ್ಟಿಯಲ್ಲಿ ಇರುವುದಿಲ್ಲ, ಉಪಜಾತಿ ಹಿಡಿದು ನೋಡಬೇಕು. ಅರ್ಜಿಯಲ್ಲಿ ಒಬಿಸಿ ಎಂದು ಟಿಕ್ ಮಾಡಿ ಕೊನೆಗೆ ಕೇಂದ್ರದ ನಮೂನೆಯ ಪ್ರಮಾಣಪತ್ರ ತರಲಾಗದವರನ್ನು ಪ್ರತಿ ವರ್ಷ ಕಾಣುತ್ತೇವೆ. ಬೆಳಗಾವಿಯ ಗಡಿ ತಾಲ್ಲೂಕುಗಳವರು ವಾಸಸ್ಥಳ ಪ್ರಮಾಣಪತ್ರ ಯಾವ ರಾಜ್ಯದ್ದು ಎಂಬುದನ್ನೂ ಮೊದಲೇ ಗಟ್ಟಿ ಮಾಡಿಕೊಳ್ಳಬೇಕು. ಶೇ 67ರ ಪಾಲೋ 33ರ ಪಾಲೋ ಎಂಬುದು ಅದರಿಂದಲೇ ತೀರ್ಮಾನ.

ಹೆಣ್ಣುಮಕ್ಕಳ ವಿಷಯದಲ್ಲಿ ನನಗೆ ಅನುಮಾನವೇ ಇಲ್ಲ: ಆರನೇತ್ತಾಕ್ಕೇ ಹಾಕಿ. ಸೈನಿಕ ಶಾಲೆಗಳಲ್ಲಿ ಆರನೇ ತರಗತಿಗೆ ಶೇ 10 ಅಥವಾ 10 ಸೀಟು, ಯಾವುದು ಹೆಚ್ಚೋ ಅಷ್ಟು, ಹುಡುಗಿಯರಿಗೆ ಎಂಬ ನಿಯಮ ಬಂದಿದೆ. ಕಿತ್ತೂರಿನ ಬಾಲಕಿಯರ ಸೈನಿಕ ವಸತಿ ಶಾಲೆಯಲ್ಲಿ ಎಲ್ಲ ಸೀಟೂ ಹುಡುಗಿಯರದ್ದೇ, ಅಲ್ಲಿಯೂ ಪ್ರವೇಶ ಆರಕ್ಕೆ, ಪ್ರತ್ಯೇಕ ಅರ್ಜಿ, ಪ್ರತ್ಯೇಕ ಪರೀಕ್ಷೆ. ಹೆಸರಿನ ಗೊಂದಲ ಮಾಡಿಕೊಳ್ಳಬೇಡಿ. ರಾಜ್ಯ ಸರ್ಕಾರದ ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳು ಬೇರೆ, ಅವು ಮೊರಾರ್ಜಿ ದೇಸಾಯಿ ಶಾಲೆಗಳ ಜೊತೆ ಒಂದೇ ಅರ್ಜಿಯಲ್ಲಿ ಬರುತ್ತವೆ. "ಕಿತ್ತೂರಿಗೆ ಹಾಕೀವ್ರಿ" ಎಂದ ಪಾಲಕರನ್ನು ಯಾವ ಕಿತ್ತೂರು ಎಂದು ಕೇಳಿಯೇ ಮುಂದಿನ ಮಾತು.

ಬೆಳಗಾವಿಯ ರಾಷ್ಟ್ರೀಯ ಮಿಲಿಟರಿ ಶಾಲೆಯಲ್ಲೂ ಆರು ಮತ್ತು ಒಂಬತ್ತಕ್ಕೆ ಪ್ರವೇಶ ಇದೆ, ಆದರೆ ಬಹುಪಾಲು ಸೀಟು ಸೈನಿಕರ ಮಕ್ಕಳಿಗೆ, ಪತ್ರಿಕೆ ಕನ್ನಡದಲ್ಲಿಲ್ಲ. ತಂದೆ ಸೇನೆಯಲ್ಲಿದ್ದು, ಮಗ ಇಂಗ್ಲಿಷ್ ಅಥವಾ ಹಿಂದಿ ಮಾಧ್ಯಮದಲ್ಲಿ ಓದಿದ್ದರೆ ಇಲ್ಲಿ ಒಂಬತ್ತನೇತ್ತಾ ನಿಜಕ್ಕೂ ಒಳ್ಳೆಯ ದಾರಿ. ಅವರಲ್ಲಿ ಇಂಗ್ಲಿಷ್ ಮಾಧ್ಯಮದ ಮಕ್ಕಳಿಗೆ ಸೈನಿಕ ಶಾಲೆಯ ಒಂಬತ್ತೂ ಅಷ್ಟೇ: ಭಾಷೆಯ ತೊಡಕಿಲ್ಲ, ಪಾಲಿನಲ್ಲಿ ಮೀಸಲಿದೆ.

ಮೊರಾರ್ಜಿ, ಚೆನ್ನಮ್ಮ ಮುಂತಾದ ಶಾಲೆಗಳಿಗೆ ಆರನೇ ತರಗತಿಗಷ್ಟೇ ಪರೀಕ್ಷೆ, ಐದನೇತ್ತಾದ ಪಾಠಗಳ ಮೇಲೆ 100 ಅಂಕ, ನಡೆಸುವುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ. ಶಾಲೆಯ ದಾಖಲೆಯಲ್ಲಿರುವ ಮಗುವಿನ ಎಸ್‌ಎಟಿಎಸ್ ಸಂಖ್ಯೆ, ಜಾತಿ ಮತ್ತು ಆದಾಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ಸಂಖ್ಯೆ ಇಲ್ಲದೆ ಅರ್ಜಿ ಮುಂದೆ ಹೋಗುವುದಿಲ್ಲ. ಏಳರಿಂದ ಒಂಬತ್ತರವರೆಗೆ ಸೀಟು ಖಾಲಿಯಾದರೆ ಸ್ಥಳೀಯವಾಗಿ ತುಂಬುತ್ತಾರೆ. ಇದಕ್ಕೆ ಪೇಪರಿನಲ್ಲಿ ದೊಡ್ಡ ಜಾಹೀರಾತು ಬರುವುದಿಲ್ಲ, ಜೂನ್ ಮೊದಲ ವಾರದಲ್ಲಿ ಪ್ರಾಂಶುಪಾಲರನ್ನೇ ಹೋಗಿ ಕೇಳಬೇಕು.

ಒಮ್ಮೆ ತಪ್ಪಿದ ಮಗುವನ್ನು ಆರಕ್ಕೇ ಮತ್ತೆ ಕೂರಿಸಬೇಕೋ, ಒಂಬತ್ತರ ತನಕ ಕಾಯಬೇಕೋ? ನಾನು ಎನ್‌ಟಿಎ ಅಂಕಪಟ್ಟಿಯನ್ನು ವಿಷಯವಾರು ನೋಡುತ್ತೇನೆ. ಗಣಿತ ಚೆನ್ನಾಗಿದ್ದು ಬುದ್ಧಿಮತ್ತೆ, ಸಾಮಾನ್ಯ ಜ್ಞಾನದಲ್ಲಿ ಕಳೆದುಕೊಂಡಿದ್ದರೆ ಮರುವರ್ಷ ಕೂರಿಸಿ, ಅವೆರಡೂ ಒಂದು ವರ್ಷದಲ್ಲಿ ಏರುತ್ತವೆ. ಗಣಿತವೇ ಕುಸಿದಿದ್ದರೆ ಭಾಗಾಕಾರ, ಭಿನ್ನರಾಶಿಯ ಬುಡ ಗಟ್ಟಿಯಾಗುವವರೆಗೆ ಊರಿನ ಸಾಲಿಯಲ್ಲೇ ಮುಂದೆ ಓದಲಿ. ಕೋಚಿಂಗ್ ಸಲುವಾಗಿ ಆರನೇತ್ತಾದ ಪಾಠ ಬಿಡಿಸುವುದು ಎರಡೂ ಕೈ ಖಾಲಿ ಮಾಡುವ ಕೆಲಸ.

ಆಯ್ಕೆಪಟ್ಟಿ ಬಂದ ಮೇಲೂ ಬಾಗಿಲು ಮುಚ್ಚುವುದಿಲ್ಲ. ನವೋದಯ ಸಿಕ್ಕವರು ಮೊರಾರ್ಜಿ ಸೀಟು ಬಿಡುತ್ತಾರೆ, ಸೈನಿಕ ಶಾಲೆಯಲ್ಲಿ ವೈದ್ಯಕೀಯ ಪರೀಕ್ಷೆಯಲ್ಲಿ ದೃಷ್ಟಿ, ಕಿವಿಯ ಕಾರಣಕ್ಕೆ ಕೆಲವರು ಹೊರಬೀಳುತ್ತಾರೆ, ಆಗ ಎರಡನೇ ಪಟ್ಟಿ ಬರುತ್ತದೆ. ಸೇರಲು ಕೊಡುವ ದಿನಗಳು ಕಡಿಮೆ. ಪ್ರವೇಶ ಖಚಿತವಾಗುವ ತನಕ ಊರ ಶಾಲೆಯ ಟಿ.ಸಿ. ತೆಗೆಸಬೇಡಿ. ಅರ್ಜಿಯಲ್ಲಿ ಕೊಟ್ಟ ಮೊಬೈಲ್ ನಂಬರನ್ನು ಆಗಸ್ಟ್ ಮುಗಿಯುವವರೆಗೆ ಬದಲಿಸಬೇಡಿ, ರಿಚಾರ್ಜ್ ತಪ್ಪಿಸಬೇಡಿ. ಕೋಚಿಂಗ್‌ನವರ ನಂಬರ್ ಅಂತೂ ಕೊಡಲೇಬೇಡಿ.